ಲೇನಿಯ ಕುಂಟು ಹೇಸರಗತ್ತೆ

ಸೋರ್‌ವುಡ್ ಕೊಳ್ಳ, ಕೆಂಟಕಿ
12 ಮಾರ್ಚ್ 1967

ತಮ್ಮಾ ವರ್ಲನ್,

ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ, ಆರ್ಬಿನ್ನನ ಸೊಂಟವೊಂದನ್ನು ಬಿಟ್ಟು. ಅದು ನಮ್ಮ ಮದುವೆಯ ದಿನವೂ ನೆಟ್ಟಗಿರಲಿಲ್ಲ, ಬಿಡು.

ನಿನ್ನೆ ನಮ್ಮ ಮನೆಗೆ ಕಾಲೇಜಿನಿಂದ ಮಿಸ್ ಕಾರ್ಲೈಲ್ ಎಂಬವಳು ಬಂದಿದ್ದಳು. ಮಂಡಿಯವರೆಗೆ ಕೆಸರು, ಕೈಯಲ್ಲಿ ಸೂಟ್‌ಕೇಸಿನಷ್ಟು ದೊಡ್ಡ ಟೇಪ್ ಯಂತ್ರ. ಅಪ್ಪ ಪಿಟೀಲಿನಲ್ಲಿ ನುಡಿಸುತ್ತಿದ್ದ ಮಟ್ಟುಗಳನ್ನೆಲ್ಲ ಸೇರಿಸಿ ಒಂದು ರೆಕಾರ್ಡ್ ತರುತ್ತಾಳಂತೆ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ‘ಈನಕ್ ಫ್ಯೂಗೇಟನ ಮಟ್ಟುಗಳು’ ಎಂದು ಅಚ್ಚಾಗುತ್ತದಂತೆ. ಬದುಕಿದ್ದಾಗ ಅಪ್ಪನ ಹೆಸರು ಅಂಚೆ ಡಬ್ಬಿಯ ಮೇಲೂ ಸರಿಯಾಗಿ ಇರಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು.

ಆಮೇಲೆ ಮೈದುನನ ಪಿಟೀಲು ತರಿಸಿಕೊಂಡು, ಕೇಳಿ ಕೇಳಿಯೇ ಕೈಗೆ ಬಂದ ‘ಲೇನಿಯ ಹೇಸರಗತ್ತೆ’ ನುಡಿಸಿದೆ. ಅವಳು ತಲೆದೂಗಿದಳು. ಮುಗಿದ ಮೇಲೆ ಹೇಳುತ್ತಾಳೆ, “ಬಹಳ ಚೆನ್ನಾಗಿತ್ತು ಅಮ್ಮಾ. ಆದ್ರೆ ಡೇಟನ್ನಲ್ಲಿ ನಿಮ್ಮ ತಮ್ಮ ನುಡಿಸಿದ್ದು ಬೇರೆ ಥರ ಇತ್ತು. ದಪ್ಪ ತಂತಿಯಿಂದ ಸಣ್ಣ ತಂತಿಗೆ ತಿರುಗೋವಾಗ ನೀವು ಒಂದು ಪೆಟ್ಟು ಜಾಸ್ತಿ ನಿಲ್ತೀರಾ. ಅವ್ರು ನಿಲ್ಲಲ್ಲ.”

ಅಂದರೆ ಮೊದಲು ನಿನ್ನ ಹತ್ತಿರ ಬಂದಿದ್ದಾಳೆ! ಒಂದು ಸಾಲು ಬರೆಯಲು ನಿನ್ನ ಕೈಗೇನಾಗಿತ್ತು? ನಾನು ಅವಳಿಗೆ ಹೇಳಿದೆ, “ನನ್ನ ತಮ್ಮನಿಗೆ ಯಾವಾಗ್ಲೂ ಅವಸರ ಕಣಮ್ಮ. ಹುಟ್ಟಿದ್ದೂ ತಿಂಗಳು ತುಂಬೋಕೆ ಮುಂಚೆ.”

ಒಂದು ಮಟ್ಟು ಒಂದೇ ಸಲ ಹಾಕುತ್ತಾಳಂತೆ. ಹಿಂದೆಮುಂದೆ ವಿಚಾರಿಸಿ, ಯಾವುದು ಅಪ್ಪನದು ಎಂದು ತೀರ್ಮಾನಿಸಿ, ಎಲೆ ಉದುರುವ ಹೊತ್ತಿಗೆ ಮತ್ತೆ ಬರುತ್ತಾಳೆ. ಇದರಲ್ಲಿ ವಿಚಾರಿಸುವುದೇನಿದೆಯೋ ನನಗೆ ತಿಳಿಯದು. ಅಪ್ಪ ನುಡಿಸುತ್ತಿದ್ದಾಗಲೇ ಪಕ್ಕದಲ್ಲಿ ನಿಂತು ಪೊರಕೆ ಕಡ್ಡಿಯಿಂದ ಅವನ ಪಿಟೀಲಿನ ತಂತಿಯ ಮೇಲೆ ತಾಳ ಬಡಿದವಳು ನಾನು. ಅವನ ಕಮಾನು ಎಲ್ಲಿ ನಿಲ್ಲುತ್ತಿತ್ತು ಎಂದು ನನಗಿಂತ ಹತ್ತಿರದಿಂದ ಕಂಡವರು ಯಾರು?

ಡೆಲ್ಫಿ

*

ಡೇಟನ್, ಒಹಾಯೊ
26 ಮಾರ್ಚ್ 1967

ಅಕ್ಕಾ,

ನಾನೇನೂ ಬಚ್ಚಿಡಲಿಲ್ಲ. ಕಾರ್ಖಾನೆಯಲ್ಲಿ ಎರಡು ಪಾಳಿ ನಡೆಯುತ್ತಿದೆ, ಬರೆಯಲು ಪುರುಸೊತ್ತಿಲ್ಲ.

ನೀನು ಕಡ್ಡಿ ಬಡಿದದ್ದು ನಿಜ. ಹಂದಿಕೊಬ್ಬಿನ ಡಬ್ಬದ ಮೇಲೆ ಹತ್ತಿ ನಿಂತು ಶುರುಮಾಡಿದೆ ಎಂದು ಹುಟ್ಟಿದಾಗಿನಿಂದ ಕೇಳುತ್ತಲೇ ಇದ್ದೇನೆ. ಆದರೆ ನೀನು ಮದುವೆಯಾಗಿ ಹೋದ ಮೇಲೆ ಅಪ್ಪ ಪಿಟೀಲು ಕೊಟ್ಟದ್ದು ನನ್ನ ಕೈಗೆ. ಕಲಿಸಿದ್ದು ನನಗೆ. ಸಂಜೆ ಸಂಜೆ ಹಸು ಕರೆದಾದ ಮೇಲೆ ಎದುರಿಗೆ ಕೂರಿಸಿಕೊಂಡು ‘ಲೇನಿ’ಯನ್ನು ಗೆರೆ ಎಳೆದ ಹಾಗೆ ನೇರ ನುಡಿಸುತ್ತಿದ್ದ. ನಾನು ಕೂದಲೆಳೆಯಷ್ಟು ತಡವಾದರೂ ಕಮಾನಿನ ಕಡ್ಡಿಯಿಂದ ಮಣಿಕಟ್ಟಿಗೆ ಬಾರಿಸುತ್ತಿದ್ದ. “ಮಟ್ಟು ನಿನಗೋಸ್ಕರ ಕಾಯುತ್ತೇನೋ? ನೀನು ಅದರ ಹಿಂದೆ ಓಡ್ಬೇಕು!” ಆ ಮಾತು ಈಗಲೂ ಕಿವಿಯಲ್ಲಿದೆ.

ಮಟ್ಟಿನ ಹುಟ್ಟನ್ನೂ ಅವನೇ ಹೇಳಿದ್ದು. ಲೇನಿ ಎಂಬವನು ನಮ್ಮ ಅಜ್ಜನ ದಂಡಿನ ಜೊತೆಗಾರ. ಉತ್ತರ ದಕ್ಷಿಣದವರ ಯುದ್ಧದ ಕೊನೆಗೆ ಎರಡೂ ಕಡೆಯವರ ಕಣ್ಣು ತಪ್ಪಿಸಿ, ಬೆಟ್ಟದ ಅಂಚಿನ ಕಾಲುದಾರಿಯಲ್ಲಿ ಹೇಸರಗತ್ತೆಯ ಮೇಲೆ ಮನೆ ಸೇರಿದ. ಅದು ಒಂದು ಹೆಜ್ಜೆ ಎಡವಿದ್ದರೆ ಅವನ ಕಥೆ ಮುಗಿಯುತ್ತಿತ್ತು. ಎಡವಲಿಲ್ಲ. ಆ ಹೆಜ್ಜೆಯೇ ಮಟ್ಟಾಯಿತು. ಈಗ ಹೇಳು, ಅದರಲ್ಲಿ ಕುಂಟು ಎಲ್ಲಿಂದ ಬರಬೇಕು?

ಇನ್ನೊಂದು ಮಾತು. ಹಬ್ಬಕ್ಕೆಂದು ನೀನು ತವರಿಗೆ ಬಂದು ಕಡ್ಡಿ ಹಿಡಿದಾಗಲೆಲ್ಲ ಅಪ್ಪನ ತಾಳ ಕೆಡುತ್ತಿತ್ತು. ಚಿಕ್ಕವನಾದರೂ ನನಗೆ ಕೇಳಿಸುತ್ತಿತ್ತು. ಅಷ್ಟು ದಿನ ನೆಟ್ಟಗಿದ್ದ ಮಟ್ಟು ನೀನು ಬಾಗಿಲು ದಾಟಿದ ಕೂಡಲೇ ಕುಂಟುತ್ತಿತ್ತು. ಬೇಜಾರಾಗಬೇಡ, ಕಂಡದ್ದನ್ನು ಬರೆದೆ.

ವರ್ಲನ್

*

ಸೋರ್‌ವುಡ್ ಕೊಳ್ಳ
9 ಏಪ್ರಿಲ್ 1967

ವರ್ಲನ್,

ಬೇಜಾರೇ ಆಗಿಲ್ಲ, ನೋಡು. ನಿನ್ನ ಕಾಗದವನ್ನು ಒಲೆಗೆ ಹಾಕಿ ಅದರ ಬೆಂಕಿಯಲ್ಲಿ ಕಾಫಿ ಕಾಯಿಸಿ ಕುಡಿದೆ, ಅಷ್ಟೇ.

ದಂಡಂತೆ, ಯುದ್ಧವಂತೆ! ನನಗೆ ಅಪ್ಪ ಹೇಳಿದ ಲೇನಿ ಬೇರೆ. ಸೂಜಿ, ದಾರ, ತವರದ ಲೋಟ ಮಾರುತ್ತ ಕೊಳ್ಳದಿಂದ ಕೊಳ್ಳಕ್ಕೆ ತಿರುಗುತ್ತಿದ್ದವನು. ಅವನ ಹೇಸರಗತ್ತೆಗೆ ಮುಂಗಾಲು ಕುಂಟು. ಹೊಳೆ ದಾಟುವ ಮುನ್ನ ಅದು ಒಂದು ಗಳಿಗೆ ನಿಲ್ಲುತ್ತಿತ್ತು. ಲೇನಿ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಅದು ಕಾಲೂರುವವರೆಗೆ ತಾನೂ ನಿಲ್ಲುತ್ತಿದ್ದ. ಮಟ್ಟು ಕುಂಟುವುದು ಅದಕ್ಕೇ. ಇದನ್ನು ಅಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ. ನೀನು ಆಗ ಹುಟ್ಟಿಯೇ ಇರಲಿಲ್ಲ.

ನಿನಗೆ ಪಿಟೀಲು ಕೊಟ್ಟ, ಹೌದು. ನಾದಕ್ಕೆಂದು ಹೊಟ್ಟೆಯೊಳಗೆ ಗಿಲಕಿ ಹಾವಿನ ಬಾಲದ ಗಿಲಕಿ ಇಟ್ಟಿರುವ ಆ ಪಿಟೀಲನ್ನು ನಾನು ಕೇಳಿದ್ದೆ, ಗೊತ್ತೇನು? ಮದುವೆಗೆ ಮುಂಚೆ ಒಂದೇ ಒಂದು ಸಲ. “ಹೆಣ್ಣುಮಕ್ಕಳಿಗೆ ಯಾಕವ್ವಾ ಅದು” ಅಂದ. ಆಮೇಲೆ ನೀನು ಹಲ್ಲು ಬಿದ್ದ ಬಾಯಲ್ಲಿ ನಗುತ್ತ ಅದನ್ನು ಎದೆಗೆ ಆನಿಸಿಕೊಂಡು ಕೂತದ್ದನ್ನು ನೋಡಿದೆ. ಅವತ್ತು ನಿನ್ನನ್ನು ಬಾವಿಗೆ ತಳ್ಳಬೇಕು ಅನ್ನಿಸಿತ್ತು. ಪಿಟೀಲನ್ನು ಪಕ್ಕಕ್ಕಿಟ್ಟು, ನಿನ್ನೊಬ್ಬನನ್ನೇ. ಪಿಟೀಲು ನಿನಗೆ ಹೋಯಿತು. ಮಟ್ಟಾದರೂ ನನಗಿರಲಿ.

ಹಾಂ, ಮಿಸ್ ಕಾರ್ಲೈಲ್ ಕಾಗದ ಬರೆದಿದ್ದಾಳೆ. ಗುಡ್ಡದಾಚೆ ಐಸಿ ಹ್ಯಾಲ್ಸಿ ಎಂಬ ಮುದುಕಿ ಇದ್ದಾಳಂತೆ. ಅಪ್ಪ ಮದುವೆಗೆ ಮುಂಚೆ ಆ ಕಡೆ ಮರ ಕಡಿಯಲು ಹೋಗಿದ್ದಾಗ ಅವಳ ತಂದೆಯಿಂದಲೇ ಈ ಮಟ್ಟು ಕಲಿತನಂತೆ. ಅವಳ ಮನೆಗೆ ಹೋಗಲು ಮಿಸ್ ಕಾರ್ಲೈಲಿಗೆ ಇನ್ನೂ ಆಗಿಲ್ಲ. ನಾನು ಮೊದಲು ಹೋಗುತ್ತೇನೆ. ಆ ಮುದುಕಿಯ ಬಾಯಿಂದಲೇ ಬರಲಿ. ಆಗ ನಿನ್ನ ಮುಖ ನೋಡಬೇಕು.

ಡೆಲ್ಫಿ

*

ಡೇಟನ್
18 ಜೂನ್ 1967

ಅಕ್ಕಾ,

ಏಪ್ರಿಲ್‌ನಿಂದ ನಿನ್ನ ಕಾಗದವಿಲ್ಲ. ಗುಡ್ಡದಾಚೆ ಹೋಗಿದ್ದೆಯಾ? ಐಸಿ ಏನಂದಳು? ಕುಂಟಿಸಿಯೇ ನುಡಿಸಿದ್ದರೆ ನೀನು ಟೆಲಿಗ್ರಾಂ ಕಳಿಸುತ್ತಿದ್ದೆ ಎಂದು ನನಗೆ ಗೊತ್ತು.

ವರ್ಲನ್

*

ಸೋರ್‌ವುಡ್ ಕೊಳ್ಳ
2 ಜುಲೈ 1967

ತಮ್ಮಾ,

ಈ ವರ್ಷ ಹುರುಳಿಕಾಯಿ ಹೇಗೆ ಹಿಡಿದಿದೆ ಅಂದರೆ, ಒಣಗಿಸಲು ದಾರಕ್ಕೆ ಪೋಣಿಸಿ ಪೋಣಿಸಿ ಬೆರಳು ಒಡೆದಿವೆ. ಜಗಲಿಯ ಉದ್ದಕ್ಕೂ ಅವೇ ತೂಗುತ್ತಿವೆ. ಮೇ ತಿಂಗಳಲ್ಲಿ ಸ್ಮಶಾನದ ಹುಲ್ಲು ಕೆತ್ತಿ ಗೋರಿಗಳಿಗೆಲ್ಲ ಹೂವಿಟ್ಟೆವು. ಅಪ್ಪನ ಕಲ್ಲು ಎಡಕ್ಕೆ ವಾಲಿತ್ತು. ಆರ್ಬಿನ್ ನೆಟ್ಟಗೆ ಮಾಡಲು ಹೋಗಿ ತಾನೇ ವಾಲಿಕೊಂಡು ಬಂದ.

ಐಸಿಯ ಹತ್ತಿರ ಹೋಗಿದ್ದೆ. ಪಾಪ, ವಯಸ್ಸಾಗಿದೆ. ಮರೆವು. ಏನೂ ಗಿಟ್ಟಲಿಲ್ಲ. ಒಳ್ಳೆಯ ಮಜ್ಜಿಗೆ ಕೊಟ್ಟಳು.

ಆರ್ಬಿನ್ ಒಂದು ಹೊಸ ಹೋರಿಕರು ತಂದಿದ್ದಾನೆ. ಬಿಳಿ ಹಣೆ. ನಿನ್ನ ಹಾಗೆಯೇ, ಹೇಳಿದ ಮಾತು ಕೇಳುವುದಿಲ್ಲ.

ಡೆಲ್ಫಿ

*

ಡೇಟನ್
10 ಸೆಪ್ಟೆಂಬರ್ 1967

ಅಕ್ಕಾ,

ಐಸಿಯ ಬಗ್ಗೆ ನೀನು ಬರೆದದ್ದು ಎರಡೇ ಸಾಲು, ಹುರುಳಿಕಾಯಿಯ ಬಗ್ಗೆ ಅರ್ಧ ಪುಟ. ಇರಲಿ.

ಕಳೆದ ಭಾನುವಾರ ಚರ್ಚಿನ ಊಟದಲ್ಲಿ ಹೋಬರ್ಟ್ ನೋಬಲ್ ಸಿಕ್ಕಿದ್ದ. ಅಪ್ಪನ ಜೊತೆ ಬ್ಯಾಂಜೊ ನುಡಿಸುತ್ತಿದ್ದನಲ್ಲ, ಅವನೇ. ಈಗ ಇಲ್ಲೇ ಮಗಳ ಮನೆಯಲ್ಲಿದ್ದಾನೆ. ಕಿವಿ ಮಂದ, ಬಾಯಿ ಮಾತ್ರ ಹಾಗೆಯೇ ಇದೆ. ಹಳೆಯ ಹಂದಿಗಳ ವಿಷಯ ಮಾತಾಡಿದ. ಬೇರೇನೂ ಇಲ್ಲ.

ಒಂದು ಕೇಳಬೇಕಿತ್ತು. ಹೇಸರಗತ್ತೆ ಕುಂಟು ಎಂದು ಅಪ್ಪ ನಿನಗೆ ಹೇಳಿದ್ದು ಯಾವಾಗ? ಆಗ ನೀನು ಏನು ಮಾಡುತ್ತಿದ್ದೆ? ಸುಮ್ಮನೆ ಕೇಳಿದೆ.

ಮಿಸ್ ಕಾರ್ಲೈಲ್ ಬರೆದಿದ್ದಾಳೆ. ಐಸಿಗೆ ಮರೆವು ಎಂದು ನೀನು ಅವಳಿಗೂ ಬರೆದೆಯಂತೆ, ಹಾಗಾಗಿ ಅಲ್ಲಿಗೆ ಹೋಗಲಿಲ್ಲವಂತೆ. ತೀರ್ಮಾನ ಅವಳಿಂದಲೂ ಆಗಿಲ್ಲ. ನಾವಿಬ್ಬರೂ ಕೂಡಿ ಒಂದೇ ಸಲ ನುಡಿಸಬೇಕಂತೆ, ನಾನು ಅಪ್ಪನ ಪಿಟೀಲು, ನೀನು ಕಡ್ಡಿ. ಹೇಗೆ ಬರುತ್ತದೋ ಅದೇ ರೆಕಾರ್ಡಿಗೆ. ನಾನು ಬರುತ್ತೇನೆ. ಬರಲು ಮನಸ್ಸಿಲ್ಲ, ಆದರೂ ಬರುತ್ತೇನೆ.

ವರ್ಲನ್

*

ಸೋರ್‌ವುಡ್ ಕೊಳ್ಳ
1 ಅಕ್ಟೋಬರ್ 1967

ತಮ್ಮಾ,

ಶನಿವಾರ ಇಪ್ಪತ್ತೊಂದಕ್ಕೆ ಬಾ. ಒಣಸೇಬಿನ ಪದರ ಕೇಕು ಮಾಡಿಡುತ್ತೇನೆ. ಅದು ಎರಡು ದಿನ ನೆನೆಯಬೇಕು, ಆದ್ದರಿಂದ ಗುರುವಾರವೇ ಮಾಡುತ್ತೇನೆ. ಬರದೆ ಕೈಕೊಟ್ಟರೆ ಹೋರಿಕರುವಿಗೆ ಹಾಕುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ. ನಾನು ಅಡುಗೆಮನೆಯ ಮೂಲೆಯಲ್ಲಿ ಕೂತು ಅಳುತ್ತಿದ್ದೆ ಎಂದು ನೆನಪು. ಯಾಕೆ ಅಳುತ್ತಿದ್ದೆನೋ ಗೊತ್ತಿಲ್ಲ. ಹೊರಗೆ ಕುಣಿತ ನಡೆದಿತ್ತು, ಜನ ನಗುತ್ತಿದ್ದರು. ಅಪ್ಪ ಒಳಗೆ ಬಂದು ನನ್ನನ್ನು ಎತ್ತಿಕೊಂಡು ಕಥೆ ಹೇಳಿದ. ಯಾಕೆ ಕೇಳಿದೆ? ನೀನು ಸುಮ್ಮನೆ ಏನನ್ನೂ ಕೇಳುವವನಲ್ಲ.

ಡೆಲ್ಫಿ

*

ಸೋರ್‌ವುಡ್ ಕೊಳ್ಳ
24 ಅಕ್ಟೋಬರ್ 1967

ವರ್ಲನ್,

ಕೇಕಿಗೆ ಚಾಕುವನ್ನೂ ತಾಗಿಸದೆ ಹೋದೆಯಲ್ಲ. ಅಷ್ಟು ದೂರದಿಂದ ಬಂದದ್ದು ನನ್ನನ್ನು ಅಣಕಿಸಲಿಕ್ಕಾ?

ಆರ್ಬಿನ್ ಬಾಗಿಲಲ್ಲಿದ್ದ, ಮಿಸ್ ಕಾರ್ಲೈಲ್ ಯಂತ್ರದ ಗುಂಡಿ ಒತ್ತಿಕೊಂಡು ಉಸಿರು ಹಿಡಿದು ಕೂತಿದ್ದಳು. ದಪ್ಪ ತಂತಿಯ ಭಾಗ ಎಷ್ಟು ಚೆನ್ನಾಗಿ ಹೋಯಿತು! ಅಪ್ಪನ ಪಿಟೀಲಿನ ಮೇಲೆ ಕಡ್ಡಿ ಬೀಳುತ್ತಿದ್ದ ಹಾಗೆ ಒಳಗಿನ ಗಿಲಕಿ ನಡುಗಿತು. ಆಮೇಲೆ ತಿರುವು ಬಂತು. ನಾನು ನಿಲ್ಲದೆ ಮುಂದೆ ಹೋದೆ. ನೀನು ಕಮಾನು ಎತ್ತಿ ನಿಂತುಬಿಟ್ಟೆ! ಜೀವಮಾನದಲ್ಲೇ ಅಲ್ಲಿ ನಿಲ್ಲದವನು! ಬೋಳು ತಂತಿಯ ಮೇಲೆ ನನ್ನ ಕಡ್ಡಿ ಒಂದೇ ಟಕಟಕ ಅಂದಿತು. ಮರುಸುತ್ತಿಗೆ ನಾನು ನಿಂತೆ, ನೀನು ನುಗ್ಗಿದೆ. ಕತ್ತಲಲ್ಲಿ ಎದುರುಬದುರು ಢಿಕ್ಕಿ ಹೊಡೆದವರು “ನೀವು ಹೋಗಿ, ನೀವು ಹೋಗಿ” ಅಂದ ಹಾಗಾಯಿತು.

“ಇನ್ನೊಂದ್ಸಲ ನೋಡೋಣ್ವಾ?” ಎಂದು ಆ ಹುಡುಗಿ ಕೇಳಿದರೆ ನೀನು “ಸಾಕು” ಎಂದು ಪಿಟೀಲನ್ನು ಪೆಟ್ಟಿಗೆಗೆ ಹಾಕಿ ಕಾರು ಹತ್ತಿದೆ. ನನ್ನ ಕುಂಟನ್ನು ನನ್ನ ಮನೆಯಲ್ಲೇ, ಯಂತ್ರದ ಎದುರಿಗೇ ಆಡಿ ತೋರಿಸಿ ನಗೆಪಾಟಲು ಮಾಡಿದೆ. ಖುಷಿಯಾಯಿತಾ?

ಡೆಲ್ಫಿ

*

ಡೇಟನ್
12 ನವೆಂಬರ್ 1967

ಅಕ್ಕಾ,

ಅಣಕಿಸಲಿಲ್ಲ. ನೀನು ನೇರ ಹೋದದ್ದನ್ನು ಕೇಳಿ, ನೀನೇ ನನ್ನನ್ನು ಅಣಕಿಸುತ್ತಿದ್ದೀ ಎಂದುಕೊಂಡೆ. ಒಂದು ಸಲ ಸೋಲಲು ತಯಾರಾಗಿ ಬಂದರೆ ಇವಳು ಅದಕ್ಕೂ ಬಿಡುವುದಿಲ್ಲವಲ್ಲ ಎಂದು ಸಿಟ್ಟು ಬಂತು. ದಾರಿಯುದ್ದಕ್ಕೂ ಕೇಕಿನ ಘಮ ಮೂಗಿನಲ್ಲೇ ಇತ್ತು.

ಹೋಬರ್ಟ್ ಮಾತಾಡಿದ್ದು ಬರೀ ಹಂದಿಗಳ ವಿಷಯವಲ್ಲ. ಅವನು ಅಂದದ್ದನ್ನು ಅಂದ ಹಾಗೆಯೇ ಬರೆಯುತ್ತೇನೆ.

“ನಿಮ್ಮಪ್ಪ ‘ಲೇನಿ’ನ ಬಾಣ ಬಿಟ್ಟಂಗೆ ನುಡಿಸ್ತಿದ್ದ ಕಣೋ. ಡೆಲ್ಫಿ ಡಬ್ಬದ ಮೇಲೆ ನಿಂತು ಕಡ್ಡಿ ಹಿಡಿದ ಮೇಲೆ ಶುರುವಾಯ್ತು ನೋಡು ಈ ಕುಂಟು. ಪುಟ್ಟ ಕೈ, ದಪ್ಪ ತಂತಿಯಿಂದ ಸಣ್ಣ ತಂತಿಗೆ ಬಗ್ಗೋ ಹೊತ್ಗೆ ಒಂದು ಪೆಟ್ಟು ಹಿಂದೆ ಬೀಳ್ತಿತ್ತು. ಒಂದಿನ ಕುಣಿಯೋರೆಲ್ಲ ಹೋ ಅಂತ ನಕ್ಬಿಟ್ರು. ಮಗು ಕಡ್ಡಿ ಬಿಸಾಕಿ ಅಳ್ತಾ ಒಳಗೆ ಓಡ್ತು. ಈನಕ್ ಪಿಟೀಲು ಕೆಳಗಿಟ್ಟು ಹಿಂದೇನೇ ಹೋದ. ಮುಂದಿನ ಶನಿವಾರದಿಂದ ಆ ತಿರುವಲ್ಲಿ ನಿಲ್ಲೋಕೆ ಶುರು ಮಾಡ್ದ. ಅವಳ ಕಡ್ಡಿ ಬಂದ ಮೇಲೇನೇ ಕಮಾನು ಇಡೋನು. ನಾನು ಕೇಳ್ದೆ, ‘ಏನಯ್ಯಾ, ತಾಳ ತಪ್ತಿದೀಯಲ್ಲ?’ ಅಂತ. ‘ಹೇಸರಗತ್ತೆ ಕುಂಟು ಕಣಯ್ಯಾ, ನಾನೇನ್ಮಾಡ್ಲಿ’ ಅಂದ.”

ಗೊತ್ತಾಯಿತಾ? ನೀನು ದೊಡ್ಡವಳಾದೆ, ನಿನ್ನ ಕೈ ಚುರುಕಾಯಿತು, ಆದರೂ ನೀನು ಪಕ್ಕದಲ್ಲಿ ನಿಂತಾಗಲೆಲ್ಲ ನಿಲ್ಲುವುದನ್ನು ಅವನು ಬಿಡಲಿಲ್ಲ. ತಡವಾದದ್ದು ನೀನಲ್ಲ, ಕತ್ತೆ ಎಂದು ನಿನ್ನನ್ನು ನಂಬಿಸಲು ಒಂದು ಕಥೆಯನ್ನೂ ಕಟ್ಟಿದ. ನನ್ನ ಮಣಿಕಟ್ಟಿನಲ್ಲಿ ಬಾಸುಂಡೆ, ನಿನಗೆ ಹೇಸರಗತ್ತೆ!

ಹೋಬರ್ಟ್ ಹೇಳಿ ಮುಗಿಸಿದಾಗ ನಿನ್ನ ಮೇಲೆ ಹೊಟ್ಟೆಕಿಚ್ಚು ಬಂತು. ಈ ವಯಸ್ಸಿಗೆ, ಸತ್ತವನ ವಿಷಯಕ್ಕೆ! ನಾಚಿಕೆಯಾಗುತ್ತದೆ, ಆದರೆ ಸುಳ್ಳು ಬರೆಯಲಾರೆ. ನಿನಗೆ ಹೇಳಬಾರದು ಅಂದುಕೊಂಡೆ. ಗೊತ್ತಾದರೆ ನೀನು ಇನ್ನೂ ಬೀಗುತ್ತೀ ಎಂದು ಬಾಯಿ ಮುಚ್ಚಿಕೊಂಡೆ. ಅವನು ಪಿಟೀಲು ನನಗೆ ಕೊಟ್ಟ, ಸರಿ. ಆದರೆ ಒಂದೇ ಒಂದು ಸಲ ನನಗಾಗಿ ಅವನು ಕಾದಿದ್ದರೆ ಪಿಟೀಲನ್ನು ನಾನೇ ನಿನ್ನ ಮನೆಗೆ ತಂದು ಕೊಡುತ್ತಿದ್ದೆ.

ಅವತ್ತು ಆ ತಿರುವಿನಲ್ಲಿ ನಿಂತದ್ದು ಯಾಕೆಂದರೆ, ಅಪ್ಪ ಅಲ್ಲಿ ನಿಂತು ಏನು ನೋಡುತ್ತಿದ್ದ ಎಂದು ತಿಳಿಯಬೇಕಿತ್ತು. ನೀನು ತಡವಾಗಿ ಬರುತ್ತೀ ಅಂದುಕೊಂಡೆ. ನೀನು ಬಾಣದ ಹಾಗೆ ಹೋದೆ. ಯಾಕೆ ಹೋದೆ?

ವರ್ಲನ್

*

ಸೋರ್‌ವುಡ್ ಕೊಳ್ಳ
3 ಡಿಸೆಂಬರ್ 1967

ತಮ್ಮಾ,

ನಿನ್ನ ಕಾಗದವನ್ನು ಈ ಸಲ ಒಲೆಗೆ ಹಾಕಲಿಲ್ಲ. ಓದಿ ಆರ್ಬಿನ್ನನಿಗೆ ಕೊಟ್ಟೆ. ಅವನು ಓದಿ ಕನ್ನಡಕ ಒರೆಸಿಕೊಂಡು ಕೋಳಿಗೂಡಿನ ಕಡೆ ಹೋದ. ಕೋಳಿಗೂಡಿನಲ್ಲಿ ಅವನಿಗೇನೂ ಕೆಲಸವಿರಲಿಲ್ಲ.

ಈಗ ನನ್ನದನ್ನೂ ಕೇಳು. ಐಸಿಗೆ ಮರೆವೂ ಇಲ್ಲ, ಮಣ್ಣೂ ಇಲ್ಲ. ನಾನು ಯಾರ ಮಗಳೆಂದು ಕೇಳಿದ್ದೇ ತಡ, ಗೋಡೆಯಿಂದ ಪಿಟೀಲು ಇಳಿಸಿದಳು. ನಾನು ಕಡ್ಡಿ ಹಿಡಿದೆ. ತಿರುವು ಬಂದಾಗ ನಾನು ನಿಂತೆ, ಅವಳು ಮುಂದೆ ಹೋಗಿಬಿಟ್ಟಳು. ಕಮಾನು ಕೆಳಗಿಟ್ಟು, “ಯಾಕ್ ನಿಂತ್ಯವ್ವಾ? ದಾರೀಲಿ ಹಳ್ಳ ಕಂಡ್ತಾ?” ಅಂದಳು. ನಮ್ಮಪ್ಪ ಹೀಗೇ ನಿಲ್ಲುತ್ತಿದ್ದ ಅಂದೆ. “ನಮ್ಮನೇಲಿ ಕಲಿಯೋವಾಗ ನಿಲ್ತಿರ್ಲಿಲ್ಲ. ಆಮೇಲೆ ಎಲ್ಲಿ ಎಡವಿದ್ನೋ” ಅಂತ ನಕ್ಕಳು.

ಅಂದರೆ ಹಳೆಯದು ನಿನ್ನದೇ. ನೇರವೇ ಅಸಲು. ಗುಡ್ಡ ಇಳಿದು ಬರುವಾಗ, ಪಿಟೀಲೂ ಅವನಿಗೆ, ಮಟ್ಟೂ ಅವನಿಗೆ, ಹಾಗಾದರೆ ನನಗೇನು ಕೊಟ್ಟೆ ಅಪ್ಪಾ ಎಂದು ದಾರಿಯಲ್ಲಿ ಗಟ್ಟಿಯಾಗಿ ಕೇಳಿದೆ. ಅದಕ್ಕೇ ನಿನಗೆ ಹುರುಳಿಕಾಯಿ ಬರೆದೆ. ಆದರೆ ಯಂತ್ರದ ಎದುರಿಗೆ ಸುಳ್ಳು ನುಡಿಸಲು ಮನಸ್ಸು ಬರಲಿಲ್ಲ. ನೀನೇ ಗೆಲ್ಲು ಎಂದು ಹಲ್ಲು ಕಚ್ಚಿ ನೇರ ಹೋದೆ. ನೀನು ಅದೇ ದಿನ ನಿಲ್ಲಬೇಕಿತ್ತಾ, ಮಹಾರಾಯಾ?

ಇನ್ನೊಂದಿದೆ. ಐಸಿಯ ಮನೆಯಲ್ಲಿ ಆ ಮಟ್ಟಿಗೆ ‘ಹೊಳೆ ದಾಟಿದ ಹುಂಜ’ ಎಂದು ಹೆಸರು. ಲೇನಿ ಯಾರು ಎಂದು ಕೇಳಿದರೆ ಅವಳಿಗೆ ಗೊತ್ತೇ ಇಲ್ಲ. ಅವಳ ತಂದೆಯೂ ಆ ಹೆಸರೆತ್ತಿದವನಲ್ಲವಂತೆ. ನಿನ್ನ ದಂಡಿನ ಲೇನಿಯೂ ಇಲ್ಲ, ನನ್ನ ಸೂಜಿದಾರದ ಲೇನಿಯೂ ಇಲ್ಲ. ಅವತ್ತು ಅಡುಗೆಮನೆಯ ಮೂಲೆಯಲ್ಲಿ ಅಪ್ಪನಿಗೆ ಒಂದು ಕುಂಟು ಪ್ರಾಣಿ ಬೇಕಾಗಿತ್ತು, ಹುಟ್ಟಿಸಿಕೊಂಡ. ಆಮೇಲೆ ನಿನಗೆ ಕಲಿಸುವಾಗ ಅದೇ ಪ್ರಾಣಿಯ ಕಾಲು ಸರಿಮಾಡಿ ನಿನ್ನನ್ನು ಓಡಿಸಿದ. ಎಂಥಾ ಮನುಷ್ಯ!

ಮಿಸ್ ಕಾರ್ಲೈಲಿಗೆ ಬರೆದು ಆ ಟೇಪನ್ನು ಬಿಸಾಕು ಎಂದು ಹೇಳಿದ್ದೇನೆ.

ಡೆಲ್ಫಿ

*

ಡೇಟನ್
23 ಮಾರ್ಚ್ 1969

ಅಕ್ಕಾ,

ಬಹಳ ದಿನವಾಯಿತು. ಮಿಸ್ ಕಾರ್ಲೈಲ್ ಟೇಪನ್ನು ಬಿಸಾಕಲಿಲ್ಲ ಎಂದು ರೆಕಾರ್ಡ್ ಬಂದಾಗಲೇ ಇಬ್ಬರಿಗೂ ಗೊತ್ತಾಗಿದೆ. ನಾವಿಬ್ಬರೂ ಢಿಕ್ಕಿ ಹೊಡೆದದ್ದನ್ನು ಹಾಗೆಯೇ ಹಾಕಿ, ಕವರಿನ ಹಿಂದೆ ‘ಅಪರೂಪದ ತಾಳ’ ಎಂದು ಬರೆದುಬಿಟ್ಟಿದ್ದಾಳೆ. ನೀನು ಅದನ್ನು ಕೇಳಲು ಒಪ್ಪಿಲ್ಲ ಎಂದು ಆರ್ಬಿನ್ ಬರೆದಿದ್ದ. ನಾನು ಒಂದು ಸಲ ಕೇಳಿ ಕಪಾಟಿಗೆ ಸೇರಿಸಿದೆ.

ಮೊನ್ನೆ ಇಲ್ಲಿಯ ಕಾಲೇಜಿನಲ್ಲಿ ಹಳೆಯ ಮಟ್ಟುಗಳ ಕೂಟ ಇತ್ತು. ಉದ್ದ ಕೂದಲಿನ ಹುಡುಗಿಯೊಬ್ಬಳು ಪಿಟೀಲು ಹಿಡಿದು ‘ಲೇನಿ’ ಶುರುಮಾಡಿದಳು. ತಿರುವಿನಲ್ಲಿ ಕಮಾನು ಎತ್ತಿ ನಿಂತಳು, ಪಕ್ಕದ ಬ್ಯಾಂಜೊದವನು ಒಬ್ಬನೇ ಟಕಟಕ ಹೋದ. ಮರುಸುತ್ತಿಗೆ ಅವನು ನಿಂತ, ಅವಳು ನುಗ್ಗಿದಳು. ಒಂದು ಕೂದಲೂ ಆಚೀಚೆ ಇಲ್ಲ! ನಮ್ಮ ಜಗಳವನ್ನು ಬಾಯಿಪಾಠ ಮಾಡಿದ್ದಾರೆ, ಅಕ್ಕಾ!

ಆಮೇಲೆ ನನ್ನನ್ನೂ ಕೂರಿಸಿದರು. ನಾನು ಯಾರೆಂದು ಹೇಳಲಿಲ್ಲ. ನೇರ ನುಡಿಸಿದೆ. ಆ ಹುಡುಗಿ ಬಹಳ ವಿನಯದಿಂದ ಹೇಳಿದಳು, “ನೀವು ತಿರುವಿನಲ್ಲಿ ಒಂದು ಪೆಟ್ಟು ಬಿಟ್ರಿ ಸರ್. ಈನಕ್ ಫ್ಯೂಗೇಟರ ಮನೆಯಲ್ಲಿ ಹಾಗಿಲ್ಲ. ಅಲ್ಲಿ ಒಬ್ರು ಕಾಯ್ತಾರೆ, ಇನ್ನೊಬ್ರು ಹೋಗ್ತಾರೆ. ಅದೇ ಅಸಲಿ.”

ಅಪ್ಪನ ಪಿಟೀಲು ನನ್ನ ತೊಡೆಯ ಮೇಲಿತ್ತು. ನನಗೆ ಮೈ ಉರಿಯಿತು. ನಿನ್ನ ಮೇಲೆ ಇಷ್ಟು ವರ್ಷ ಪಟ್ಟ ಹೊಟ್ಟೆಕಿಚ್ಚು ಏನೂ ಅಲ್ಲ ಅನ್ನಿಸಿತು. ಅದಾದರೂ ಮನೆಯೊಳಗಿನದು.

ವರ್ಲನ್

*

ಸೋರ್‌ವುಡ್ ಕೊಳ್ಳ
6 ಏಪ್ರಿಲ್ 1969

ತಮ್ಮಾ,

ನಿನ್ನ ಕಾಗದ ಓದಿ ನಕ್ಕು ನಕ್ಕು ಪಕ್ಕೆ ಹಿಡಿಯಿತು. ಆಮೇಲೆ ಸಿಟ್ಟು ಬಂತು. ಆ ಒಂದು ಪೆಟ್ಟು ಅಪ್ಪ ನನ್ನೊಬ್ಬಳಿಗೆ ಕಾದದ್ದು. ನನಗೆ ಬಂದ ಆಸ್ತಿ ಅಂದರೆ ಅದೊಂದೇ. ಅದನ್ನು ಯಾರೋ ಉದ್ದ ಕೂದಲಿನವಳು ಎತ್ತಿಕೊಂಡು ಹೋಗಿ ಊರೂರು ತಿರುಗುತ್ತಿದ್ದಾಳೆ! ಅವಳ ಜುಟ್ಟು ಹಿಡಿದು ಕೇಳಬೇಕು ಅನ್ನಿಸಿತು, ನೀನು ಯಾವ ಡಬ್ಬದ ಮೇಲೆ ನಿಂತಿದ್ದೆಯೇ?

ಆಮೇಲೆ ರೆಕಾರ್ಡ್ ಹಾಕಿದೆ. ಹೌದು, ಕೊನೆಗೂ ಹಾಕಿದೆ. ಆರ್ಬಿನ್ ಬೇಡ ಬೇಡ ಅಂದ. ತಿರುವು ಬರುತ್ತದೆ, ನನ್ನ ಕಡ್ಡಿ ಒಂದೇ ಟಕಟಕ ಅನ್ನುತ್ತದೆ, ನಿನ್ನ ಕಮಾನಿನ ಸದ್ದಿಲ್ಲ. ಅವತ್ತು ನನಗೆ ಅದು ಅಣಕವೆಂದು ಕೇಳಿಸಿತ್ತು. ಈಗ ಕೇಳಿದರೆ ನೀನು ಅಲ್ಲಿ ನನಗಾಗಿ ನಿಂತಿದ್ದೀ, ಅಷ್ಟೇ. ಸೂಜಿ ಎತ್ತಿ ಮತ್ತೆ ಅಲ್ಲಿಗೇ ಇಟ್ಟೆ. ಆರ್ಬಿನ್ ಊಟಕ್ಕೆ ಕರೆದು ಕರೆದು ಸುಸ್ತಾದ.

ಮೇ ಕೊನೆಗೆ ಗೋರಿಗಳಿಗೆ ಹೂವಿಡುವ ದಿನ ಬಾ. ಪಿಟೀಲು ತಾ. ಕೇಕು ಗುರುವಾರವೇ ಮಾಡಿಟ್ಟಿರುತ್ತೇನೆ, ಈ ಸಲ ತಿನ್ನದೆ ಹೊರಟರೆ ನಿನ್ನ ಕಾರಿನ ಗಾಳಿ ತೆಗೆಯುತ್ತೇನೆ. ಊಟ ಮುಗಿದು ಜನ ಇಳಿದು ಹೋಗಲಿ. ಆಮೇಲೆ ನಾವಿಬ್ಬರೇ ಅಪ್ಪನ ವಾಲಿದ ಕಲ್ಲಿನ ಹತ್ತಿರ ಕೂತು ‘ಲೇನಿ’ ನುಡಿಸೋಣ. ಯಂತ್ರ ಬೇಡ, ಮಿಸ್ ಕಾರ್ಲೈಲೂ ಬೇಡ.

ದಪ್ಪ ತಂತಿಯ ಭಾಗವನ್ನು ನಿನಗೆ ಬೇಕಾದ ಹಾಗೆ ನುಡಿಸು. ತಿರುವು ಬಂದಾಗ ಮಾತ್ರ ನಾನು ಹೇಳಿದ ಹಾಗೆ ಕೇಳು. ನೀನು ತಡಮಾಡು. ಒಂದು ಪೆಟ್ಟು, ಬೇಕಾದರೆ ಎರಡು. ಮಣಿಕಟ್ಟಿಗೆ ಯಾರೂ ಹೊಡೆಯುವುದಿಲ್ಲ. ನಾನು ಕಡ್ಡಿ ಎತ್ತಿಕೊಂಡು ಕಾಯುತ್ತೇನೆ.

ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಾ. ತಡಮಾಡುವುದು ನಿನಗೆ ಬರುವುದಿಲ್ಲ.

ನಿನ್ನ ಅಕ್ಕ,
ಡೆಲ್ಫಿ